ಗೋಡೆ ಸಾಲಿನ ಸತ್ತ ಸುಣ್ಣ

ಮಡಗಾಂವ್ ಮಾರ್ಕೆಟ್ಟಿನ ಹಿಂದೆ ಒಂದು ಬ್ಯಾಟರಿ ರಿಪೇರಿ ಅಂಗಡಿಯಿದೆ. ಹೋದ ತಿಂಗಳು ಸ್ಕೂಟರಿನ ಬ್ಯಾಟರಿ ಬಿಟ್ಟುಬರಲು ಹೋದಾಗ ಒಳಗೆ ಏಳೆಂಟು ಬ್ಯಾಟರಿಗಳು ಚಾರ್ಜಿಗೆ ಕೂತಿದ್ದವು. ಬಾಗಿಲಲ್ಲೇ ಆಮ್ಲದ ಗಾಳಿ ಗಂಟಲಿಗೆ ಹತ್ತಿತು. ಹುಳಿ, ಹಿಂದೆಯೇ ಕೆಮ್ಮು, ಕಣ್ಣಂಚಿನಲ್ಲಿ ಉರಿ. ಅದೇ ವಾರ ಮೋತಿ ಡೊಂಗರಿನಿಂದ ಶಿವವ್ವ ತೀರಿಕೊಂಡ ಸುದ್ದಿ ಬಂತು. ಇಮಾಮಸಾಬ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಇಬ್ಬರೂ ಇಲ್ಲದ ಮೇಲೆ ಆ ಮಳೆಗಾಲವನ್ನು ಬರೆಯಲು ನನಗೆ ಅಡ್ಡಿಯಿಲ್ಲ.

ತೊಂಬತ್ತರ ದಶಕದ ಆರಂಭ. ನಾನು ಹುಬ್ಬಳ್ಳಿಯಿಂದ ಹೊರಡುತ್ತಿದ್ದ ಒಂದು ಕನ್ನಡ ಪತ್ರಿಕೆಗೆ ಗೋವಾದ ವರದಿಗಾರನಾಗಿದ್ದೆ. ನಮ್ಮ ಓದುಗರು ಚಿಂಬಲ್, ಮೋತಿ ಡೊಂಗರ್, ವೆರ್ಣಾದ ಕಡೆ ದುಡಿಯಲು ಬಂದ ವಿಜಾಪುರ, ಬಾಗಲಕೋಟೆ, ಗದಗಿನ ಜನ. ಅವರ ಊರಿನ ಸುದ್ದಿ ಅವರಿಗೆ, ಅವರ ಸುದ್ದಿ ಅವರ ಊರಿಗೆ ಮುಟ್ಟಿಸುವುದು ನನ್ನ ಕೆಲಸ.

ವೆರ್ಣಾದಿಂದ ಕೆಳಗಿಳಿಯುವ ಒಂದು ದಾರಿಯಲ್ಲಿ ಪೋರ್ಚುಗೀಸರ ಕಾಲದ ಹಾಳು ಗೋದಾಮು ಇತ್ತು. ಅದರ ಉದ್ದನೆಯ ಹಿಂಗೋಡೆಗೆ ಬೆನ್ನು ಕೊಟ್ಟು ಹದಿನಾಲ್ಕು ಗುಡಿಸಲುಗಳು. ಒಂದು ಗೋಡೆ ಕಟ್ಟುವ ಶ್ರಮ ಉಳಿಯಿತೆಂದು ಜನ ಅಲ್ಲಿ ಒರಗಿಕೊಂಡಿದ್ದರು. ಆ ವಸತಿಯನ್ನು ಎಲ್ಲರೂ ಗೋಡೆ ಸಾಲು ಎನ್ನುತ್ತಿದ್ದರು. ಗೋಡೆ ಎರಡಾಳೆತ್ತರಕ್ಕೂ ಮಿಗಿಲು, ದಪ್ಪ ಒಂದು ಮೊಳಕ್ಕಿಂತ ಹೆಚ್ಚು. ಕೆಂಪು ಚಿರೇಕಲ್ಲು, ನಡುವೆ ಸುಣ್ಣದ ಗಾರೆ. ಇಳಿಜಾರಿನ ಮೇಲ್ತುದಿಯಲ್ಲಿ ಒಂದು ರಾಸಾಯನಿಕ ಕಾರ್ಖಾನೆ. ಅದರ ಹೆಸರು ಈಗ ಬೇಡ. ಅದು ಮುಚ್ಚಿಹೋಗಿದೆ, ಮುಚ್ಚಿದ್ದು ಈ ಕಾರಣಕ್ಕಲ್ಲ.

ಜೂನ್ ಮೊದಲ ಮಳೆಗೆ ಅಲ್ಲಿನ ಜನರ ಕಣ್ಣು ಊದಿಕೊಂಡಿದೆ ಎಂಬ ದೂರು ಬಂದಿತ್ತು. ಹೋಗಿ ನೋಡಿದೆ. ಒಂದು ಮಳೆಗಾಲದ ಹಿಂದೆ ಹೊಸದಾಗಿ ಹೊದಿಸಿದ ತಗಡುಗಳು ಜರಡಿಯಾಗಿದ್ದವು. ಹಗ್ಗದ ಮೇಲೆ ಒಣಹಾಕಿದ ಸೀರೆ ಹಿಡಿದೆಳೆದರೆ ಬೆರಳ ಜೊತೆ ಬರುತ್ತಿತ್ತು. ಕೆಳಗಿನ ಇಗರ್ಜಿಯ, ಅಂದರೆ ಚರ್ಚಿನ, ಗೋರಿಗಳಲ್ಲಿ ಅಮೃತಶಿಲೆಯ ಮೇಲಿನ ಅಕ್ಷರಗಳು ನೆಕ್ಕಿದ ಹಾಗೆ ಸವೆದಿದ್ದವು. ಅಲ್ಲಿ ಗಂಟೆ ಹೊಡೆಯುವ ಮುದುಕ ತನ್ನ ತಂದೆಯ ಗೋರಿಯ ಮೇಲೆ ಕೈಯಾಡಿಸಿ, "ಪಾವ್ಸಾನ್ ನಾಂವ್ ಖೆಲೆಂ" ಎಂದ. ಮಳೆ ಹೆಸರನ್ನು ತಿಂದಿತು.

ಸಾಲಿನ ಮೂರನೆಯ ಗುಡಿಸಲು ಇಮಾಮಸಾಬನದು. ವಿಜಾಪುರದ ಕಡೆಯ ಗೌಂಡಿ, ಗಾರೆ ಕೆಲಸದವನು. ಅಪ್ಪ ಅಜ್ಜ ಎಲ್ಲ ಹಳೆಯ ಗುಮ್ಮಟ, ಬಾವಿಗಳ ಗಚ್ಚು ದುರಸ್ತಿ ಮಾಡಿದವರು. ಇಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಸಿಮೆಂಟಿನ ಕೆಲಸ. ಕಾರ್ಖಾನೆಗೆ ಆಳು ಒದಗಿಸುವವನೂ, ಈ ಜಾಗದಲ್ಲಿ ಜನರನ್ನು ಕೂರಿಸಿದವನೂ ಅದೇ ಗುತ್ತಿಗೆದಾರ.

"ಮಳಿ ಬಗ್ಗೆ ಬರಿಯಾಕ ಬಂದೀರೇನ್ರಿ?" ಎಂದ ಇಮಾಮಸಾಬ. "ಇಲ್ಲೆ ಮಳಿ ಎಲ್ಲೈತ್ರಿ ಸಾಹೇಬ್ರ, ಸಿರ್ಕಾ ಬೀಳಾಕತ್ತೈತಿ." ಸಿರ್ಕಾ ಎಂದರೆ ಗೋವಾದವರು ಅಡುಗೆಗೆ ಹಾಕುವ ಹುಳಿ.

ಒಳಗಿನಿಂದ ಅವನ ಹೆಂಡತಿ ಬೀಬಿಜಾನ್ ಕೂಗಿದಳು: "ಸುಳ್ಳ ಹೇಳಬ್ಯಾಡ. ಸಿರ್ಕಾ ಆಗಿದ್ರ ಉಪ್ಪಿನಕಾಯಿಗರೆ ಬರತಿತ್ತು!"

ಅವನು ನಗುತ್ತಲೇ ಗೋಡೆಯ ಸಂದಿಗೆ ಉಗುರು ಹಾಕಿ ಒಂದಿಷ್ಟು ಗಾರೆ ಕೆದರಿ ನಾಲಿಗೆಯ ಮೇಲಿಟ್ಟುಕೊಂಡ. ಅವನ ಮನೆತನದವರು ಸುಣ್ಣ ನೋಡುವುದು ಹೀಗೆ. ಸ್ವಲ್ಪ ಹೊತ್ತು ಬಾಯಾಡಿಸಿ ಉಗುಳಿದ.

"ಸತ್ತೈತ್ರಿ. ಚಲೋ ಗಚ್ಚು ಹಲ್ಲಿಗಿ ಕಲ್ಲ ಸಿಕ್ಕಂಗ ಸಿಗತೈತಿ. ಇದು ಹಿಟ್ಟಾಗೇತಿ. ಕಲ್ಲಿಗಿ ಏನೂ ಆಗಿಲ್ಲ ನೋಡ್ರಿ, ಇನ್ನ ನೂರು ವರ್ಷ ಇರತೈತಿ. ಕಲ್ಲ ಕಲ್ಲ ಹಿಡಕೊಂಡಿದ್ದು ಹೋಗೇತಿ."

"ಬೀಳ್ತದಾ?"

"ದಪ್ಪ ಗ್ವಾಡಿ. ಈ ಮಳಿ ತಡೀಬಹುದು. ಆಸರ ಕೊಡಸ್ರಿ ಅಂತ ಗುತ್ತಿಗೆದಾರಗ ಎರಡು ಸಲ ಹೇಳೇನಿ. ಮಳಿ ನಿಂತ ಮ್ಯಾಲ ಅಂತಾನ."

ಅಂದು ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ಸುದ್ದಿ ಸಂಪಾದಕರು ಪೂರ್ತಿ ಕೇಳಿದರು. "ಗೌಂಡಿಯ ನಾಲಿಗೆ ಮೇಲೆ ಒಂದು ಕಾರ್ಖಾನೆಯ ವಿರುದ್ಧ ಸುದ್ದಿ ಮಾಡೋಕಾಗಲ್ಲ. ಪ್ರಯೋಗಾಲಯದ ಕಾಗದ ತಗೊಂಡು ಬನ್ನಿ." ಅವರು ಹೇಳಿದ್ದು ಸರಿ ಎಂದು ನನಗೆ ಅನಿಸಿತು. ಮಳೆನೀರನ್ನು ಬಾಟಲಿಯಲ್ಲಿ ಹಿಡಿದು, ಗಾರೆಯನ್ನು ಪೊಟ್ಟಣ ಕಟ್ಟಿ ಪಣಜಿಯ ಒಂದು ಪ್ರಯೋಗಾಲಯಕ್ಕೆ ಕೊಟ್ಟೆ. ಎರಡು ವಾರ ಎಂದರು. ಎರಡು ವಾರದ ನಂತರ ಮತ್ತೆರಡು ವಾರ ಎಂದರು. ನಾನು ಸುದ್ದಿಯನ್ನು ತಡೆದಿಟ್ಟೆ. ತಡೆದಿಟ್ಟವನು ನಾನೇ, ಬೇರೆ ಯಾರೂ ಅಲ್ಲ.

ಜುಲೈ ಪೂರ್ತಿ ಮಳೆ ಬಡಿಯಿತು. ಗಾಳಿ ಕಾರ್ಖಾನೆಯ ಹೊಗೆಯನ್ನು ಮೇಲೇರಲು ಬಿಡದೆ ಇಳಿಜಾರಿಗೇ ಅದುಮುತ್ತಿತ್ತು. ಮಧ್ಯಾಹ್ನಕ್ಕೆ ಹಳದಿ ಮಬ್ಬು, ಅದರ ಮೇಲೆ ಮಳೆ. ನೀರು ಗೋಡೆಯ ಮೇಲ್ಭಾಗವನ್ನು ತೊಳೆದು, ಕರಗಿದ್ದನ್ನೆಲ್ಲ ಹೊತ್ತು, ಗುಡಿಸಲುಗಳ ಚಾವಣಿಯ ಸಂದಿಯಿಂದ ಒಳಗಿಳಿಯುತ್ತಿತ್ತು. ಅಲ್ಲಿ, ಒಲೆಯ ಶಾಖ ತಾಗುವ ಕೆಳಭಾಗದಲ್ಲಿ, ಕರಗಿ ಬಂದ ಸುಣ್ಣ ಕಲ್ಲುಗಳ ನಡುವೆ ಬೆಳ್ಳಗೆ ಉಬ್ಬಿ ನಿಲ್ಲುತ್ತಿತ್ತು. ಹಿಟ್ಟಿನ ಹಾಗೆ ಮೃದು, ಹಾಲಿನ ಹಾಗೆ ಬಿಳಿ.

ಪಂಚಮಿ ಹತ್ತಿರ ಬಂತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ವರ್ಷದ ದೊಡ್ಡ ಹಬ್ಬ. ಮನೆ ಸಾರಿಸಬೇಕು, ಸುಣ್ಣ ಬಳಿಯಬೇಕು, ಬಾಗಿಲ ಪಕ್ಕ ನಾಗಪ್ಪನನ್ನು ಬರೆಯಬೇಕು. ಹಬ್ಬಕ್ಕೆ ವಾರವಿದ್ದಾಗ ನಾನು ಹೋದ ದಿನ ಸಾಲಿನ ಹೆಂಗಸರು ಚಮಚ, ಸೌಟಿನ ಹಿಡಿ, ತಗಡಿನ ಚೂರು ಹಿಡಿದು ಗೋಡೆಯ ಸಂದಿಗಳಿಂದ ಆ ಬಿಳಿಯನ್ನು ಕೆದರಿ ಬುಟ್ಟಿಗೆ ತುಂಬಿಕೊಳ್ಳುತ್ತಿದ್ದರು. ಎಲ್ಲರ ಮುಂದೆ ಐದನೆಯ ಗುಡಿಸಲಿನ ಶಿವವ್ವ. ಗಾರೆ ಹೊರುವ ಕೆಲಸದವಳು, ಗಂಡ ಸತ್ತು ಮೂರು ವರ್ಷ, ಒಂಬತ್ತು ವರ್ಷದ ಮಗಳು ರೇಣವ್ವ.

"ನೋಡ್ರಿ ಸರ, ಪುಕ್ಕಟ ಸುಣ್ಣ," ಎಂದು ಬುಟ್ಟಿ ಎತ್ತಿ ತೋರಿಸಿದಳು. "ಊರಾಗ ಹೊಳೀ ದಾಟಿ ಹೊತ್ತು ತರಬೇಕಿತ್ತು. ಇಲ್ಲೆ ಗ್ವಾಡಿನ ಕೊಡಾಕತ್ತೈತಿ."

"ಗೋಡೆ ಸಡಿಲ ಆಗೂದಿಲ್ಲೇನು?"

"ನಾವೇನ್ ಕಲ್ಲ ಕೀಳತೇವೇನ್ರಿ? ಉದುರಿ ಬೀಳೂದನ್ನ ಬಾಚ್ಕೊಂತೇವಿ."

ಹೋಗುವಾಗ ನೋಡಿದರೆ ಹದಿನಾಲ್ಕೂ ಗುಡಿಸಲುಗಳ ಮುಂಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡೆ: ಹೆಂಗಸರು ಸುಣ್ಣ ತೆಗೆಯುತ್ತಿದ್ದಾರೆ.

ರೊಟ್ಟಿ ಪಂಚಮಿಯ ದಿನ ಗೋಡೆ ಬಿತ್ತು. ನಾಗರಪಂಚಮಿಗೆ ಮುಂಚಿನ ಆ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ಥರದ ಪಲ್ಲೆ ಮಾಡಿ ಮನೆಯಿಂದ ಮನೆಗೆ ಕೊಡುವುದು ಪದ್ಧತಿ. ಹೀಗಾಗಿ ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಚ್ಚಿನ ಗಂಡಸರು ಕೆಲಸದಲ್ಲಿದ್ದರು, ಹೆಂಗಸರು ಮಕ್ಕಳು ಗುಡಿಸಲುಗಳ ಒಳಗಿದ್ದರು.

ನಾನು ತಲುಪಿದಾಗ ಒಂಬತ್ತು ಗುಡಿಸಲುಗಳ ಜಾಗದಲ್ಲಿ ಕೆಂಪು ಕಲ್ಲಿನ ದಿಬ್ಬವಿತ್ತು. ಮಳೆ ನಿಂತಿರಲಿಲ್ಲ. ದಿಬ್ಬದಿಂದ ಕೆಂಪು ನೀರು ಇಳಿಯುತ್ತಿತ್ತು, ಅದರಲ್ಲಿ ರೊಟ್ಟಿಗಳು ತೇಲುತ್ತಿದ್ದವು. ಜನ ಕಲ್ಲುಗಳನ್ನು ಎತ್ತಿ ಹಿಂದಕ್ಕೆ ಎಸೆಯುತ್ತಿದ್ದರು. ಆ ಗದ್ದಲದಲ್ಲೂ ಒಂದು ಸಂಗತಿ ಕಣ್ಣಿಗೆ ಬಿತ್ತು: ಯಾವ ಕಲ್ಲಿಗೂ ಗಾರೆ ಅಂಟಿರಲಿಲ್ಲ. ಈಗತಾನೆ ಗಣಿಯಿಂದ ಕಡಿದು ತಂದ ಹಾಗೆ ಸ್ವಚ್ಛವಾಗಿದ್ದವು.

ಮೇಲಿನ ಕಲ್ಲು ಉರುಳುವ ಸದ್ದಿಗೇ ಹೆಚ್ಚಿನವರು ಹೊರಗೋಡಿದ್ದರು; ಸಿಕ್ಕಿ ಸತ್ತವರು ಇಬ್ಬರು. ರೇಣವ್ವನ ತಲೆ ಗುರುತು ಸಿಗದ ಹಾಗಿತ್ತು. ಬಳೆಯಿಂದ ಗುರುತು ಹಿಡಿದರು. ಅವಳ ಮೇಲೆ ಅಡ್ಡಲಾಗಿ ಬಿದ್ದು ಬೀಬಿಜಾನ್ ಸತ್ತಿದ್ದಳು. ಶಿವವ್ವನ ಮನೆಗೆ ರೊಟ್ಟಿ ಇಸಿದುಕೊಳ್ಳಲು ಹೋಗಿದ್ದವಳು ಮಗುವನ್ನು ಮುಚ್ಚಿಕೊಳ್ಳಲು ನೋಡಿದ್ದಳು. ಇಮಾಮಸಾಬ ಕೆಲಸದಿಂದ ಓಡಿಬಂದು ಆ ಕಲ್ಲುಗಳನ್ನು ಬರಿಗೈಯಲ್ಲಿ ತೆಗೆದ. ಉಗುರುಗಳು ಕಿತ್ತುಹೋಗಿದ್ದವು. ಹೆಂಡತಿಯ ಬೆನ್ನು ಕಂಡ ಮೇಲೆ ಅವನು ಮತ್ತೆ ಕೂಗಲಿಲ್ಲ. ಶಿವವ್ವ ನೀರಿಗೆ ಹೋಗಿದ್ದಳು. ಕೊಡ ಹೊತ್ತುಕೊಂಡೇ ಬಂದು ನಿಂತಳು.

ಪೊಲೀಸರ ಜೊತೆ ಕಾರ್ಖಾನೆಯ ಒಬ್ಬ ಅಧಿಕಾರಿ ಕೊಡೆ ಹಿಡಿದು ಬಂದ. ಉಳಿದ ಐದು ಗುಡಿಸಲುಗಳ ಬಿಳಿ ಮುಂಭಾಗವನ್ನು ಇನ್‌ಸ್ಪೆಕ್ಟರಿಗೆ ತೋರಿಸಿ ಹಿಂದಿಯಲ್ಲಿ ಹೇಳಿದ, ಎಲ್ಲರಿಗೂ ಕೇಳಿಸುವಂತೆ: "ದೇಖಿಯೇ ಸಾಬ್. ದೀವಾರ್ ಖೋದ್ ಕೇ ಘರ್ ಪೋತಾ ಹೈ." ಗೋಡೆ ಅಗೆದು ಮನೆ ಬಳಿದಿದ್ದಾರೆ.

ಜನ ಆ ಬಿಳಿಯತ್ತ ತಿರುಗಿದರು. ಅದನ್ನು ನಿರಾಕರಿಸುವಂತಿರಲಿಲ್ಲ.

"ಈ ರಂಡೀನ ಮೊದಲ ಕೆದರಿದ್ದು!" ಎಂದು ಒಬ್ಬ ಶಿವವ್ವನತ್ತ ನುಗ್ಗಿದ. ಅವನ ಅಣ್ಣನ ಕಾಲು ಇನ್ನೂ ಕಲ್ಲಿನಡಿ ಇತ್ತು. "ಆಕಿನ್ನ ನೋಡಿ ಎಲ್ಲಾರೂ ಕೆದರಿದ್ರು!"

ಕೂದಲು ಹಿಡಿದು ಅವಳನ್ನು ಕೆಡವಿದರು. ಮಗಳ ಹೆಣದಿಂದ ನಾಲ್ಕು ಹೆಜ್ಜೆ ದೂರ. ಚಪ್ಪಲಿಯಿಂದ, ಮುಷ್ಟಿಯಿಂದ, ಒಬ್ಬ ಕಟ್ಟಿಗೆಯ ತುಂಡಿನಿಂದ ಹೊಡೆದ. ಅವಳು ಕೈ ಅಡ್ಡ ತರಲಿಲ್ಲ. ಇಮಾಮಸಾಬ ಹೆಂಡತಿಯ ಪಕ್ಕ ಕೂತು ನೋಡುತ್ತಿದ್ದ. ಎದ್ದು ಬರಲಿಲ್ಲ, ಬಿಡಿಸಲಿಲ್ಲ. ನಾನೂ ಬಿಡಿಸಲಿಲ್ಲ. ಪೊಲೀಸರು ಅವಳನ್ನು ಎಳೆದು ಜೀಪಿಗೆ ಹಾಕಿದಾಗ ಎಡಗಿವಿ ಹರಿದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

ಜೀಪು ಹೋದ ಮೇಲೆ ಆ ಸಿಟ್ಟಿಗೆ ಬೇರೆ ಗುರಿ ಬೇಕಾಯಿತು. ಜನ ಬಿದ್ದ ಗೋಡೆಯ ಕಲ್ಲಿನ ಚೂರುಗಳನ್ನೇ ಆರಿಸಿಕೊಂಡು ಮೇಲಿನ ಕಾರ್ಖಾನೆಗೆ ಹೋದರು. ಗೇಟಿನ ಗಾಜು, ಎರಡು ಬಸ್ಸು, ಕಾವಲುಗಾರನೊಬ್ಬನ ದವಡೆ. ಲಾಠಿಗಳು ಬಂದವು. ಓಡಲಾಗದ ಮುದುಕರೇ ಹೆಚ್ಚು ಏಟು ತಿಂದರು. ಸಂಜೆಯ ಹೊತ್ತಿಗೆ ಸಾಲಿನಲ್ಲಿ ಗಾಯವಿಲ್ಲದ ಗಂಡಸು ಸಿಗುವುದು ಕಷ್ಟವಿತ್ತು.

ಠಾಣೆಯಲ್ಲಿ ಶಿವವ್ವನನ್ನು ವಿಚಾರಿಸುವಾಗ ಕನ್ನಡದಿಂದ ಹಿಂದಿಗೆ ಹೇಳಲು ನನ್ನನ್ನೇ ಕರೆದರು. ಸಾವಿಗೆ ಕಾರಣಳಾದಳೆಂದು ಅವಳ ಮೇಲೆ ಕೇಸು ಹಾಕುವ ಸಿದ್ಧತೆ ನಡೆದಿತ್ತು. ಮಹಿಳಾ ಪೇದೆ ಪ್ರತಿ ಪ್ರಶ್ನೆಗೂ ಒಂದು ಏಟು ಕೊಡುತ್ತಿದ್ದಳು. ಸುಣ್ಣ ತೆಗೆಯಲು ಯಾರು ಹೇಳಿದರು ಎಂಬುದನ್ನು ಮೂರು ಸಲ ಕೇಳಿದರು.

"ಯಾರೂ ಹೇಳಿಲ್ರಿ," ಎಂದಳು ಶಿವವ್ವ ಮೂರು ಸಲವೂ. "ನನಗ ತಿಳೀತು, ತಗೊಂಡೆ."

ಮರುದಿನ ಸ್ಥಳದ ಪಂಚನಾಮೆ. ಕಾಗದ ಮೊದಲೇ ತಯಾರಾಗಿತ್ತು: ನಿವಾಸಿ ಹೆಂಗಸರು ಗಾರೆ ಅಗೆದಿದ್ದರಿಂದ ಗೋಡೆ ಕುಸಿದಿದೆ. ಅದಕ್ಕೆ ಕೆಲಸ ಬಲ್ಲವನ ಸಹಿ ಬೇಕು. ಇಮಾಮಸಾಬ ಗೌಂಡಿ, ಮೇಲಾಗಿ ಹೆಂಡತಿಯನ್ನು ಕಳೆದುಕೊಂಡವನು. ಅವನ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಗುತ್ತಿಗೆದಾರ ಅವನ ಹೆಗಲ ಮೇಲೆ ಕೈಹಾಕಿ ಕರೆತಂದ. "ಹಾಕಪ್ಪ. ನಿನ್ನ ಹೆಂಡತಿಗೆ ನ್ಯಾಯ ಆಗಬೇಕೋ ಬೇಡವೋ?"

ಇಮಾಮಸಾಬ ಕಾಗದವನ್ನು ನನ್ನಿಂದ ಓದಿಸಿಕೊಂಡ. ಆಮೇಲೆ ಏಣಿ ಕೇಳಿದ.

ಗೋಡೆಯ ಒಂದು ಮೂಲೆ ಪೂರ್ತಿ ಎತ್ತರಕ್ಕೆ ನಿಂತಿತ್ತು. ಅವನು ಹತ್ತಿ ಎಲ್ಲಕ್ಕಿಂತ ಮೇಲಿನ ಸಾಲಿನ ಒಂದು ಕಲ್ಲಿನ ಎರಡೂ ಮುಖಗಳಿಂದ ಗಾರೆ ಕೆದರಿ, ಎರಡು ಚೂರು ಕಾಗದದಲ್ಲಿ ಹಿಡಿದು ಇಳಿದ. ಹೊರಮುಖ ಮಳೆಯ ಕಡೆ. ಒಳಮುಖ ಗೋದಾಮಿನ ಉಳಿದ ಚಾವಣಿಯ ಅಡಿ, ಒಣ. ಅಲ್ಲೇ ಗುತ್ತಿಗೆದಾರನ ಲಾರಿ ನಿಂತಿತ್ತು. ಅದರ ಮುಂದೆ ಅಂದು ಬೆಳಿಗ್ಗೆ ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ. ಇಮಾಮಸಾಬ ನಿಂಬೆಯನ್ನು ಕಿತ್ತುಕೊಂಡ.

"ಏ! ಗಾಡಿಯ ನಿಂಬೆ ಮುಟ್ಟುತ್ತೀಯಾ?" ಗುತ್ತಿಗೆದಾರ ಅರಚಿದ.

ಇಮಾಮಸಾಬ ಹಣ್ಣನ್ನು ಹಲ್ಲಿನಿಂದ ಸೀಳಿ ಎರಡೂ ಕಾಗದಗಳ ಮೇಲೆ ಹಿಂಡಿದ. ಒಳಮುಖದ ಗಾರೆ ಸಣ್ಣಗೆ ನೊರೆಯೆದ್ದು ಬುಸುಗುಟ್ಟಿತು. ಹೊರಮುಖದ್ದು ಒದ್ದೆಯಾಗಿ ಸುಮ್ಮನಿತ್ತು.

"ಜೀವ ಇದ್ದ ಸುಣ್ಣಕ್ಕ ಹುಳಿ ಬಿದ್ರ ಹಿಂಗ ಕುದೀತೈತ್ರಿ. ಈ ಕಡೀದು ಮೊದಲ ಕುದ್ದು ಮುಗದೈತಿ. ಮ್ಯಾಲಿನ ಹುಳಿ ಮಳಿ ತಿಂದೈತಿ." ಅವನು ಮೂಲೆಯ ತುದಿಯತ್ತ ಕೈ ತೋರಿಸಿದ. "ಅಲ್ಲಿ ಸಂದ್ಯಾಗ ನನ್ನ ಬೊಟ್ಟ ಪೂರಾ ಹೋಗತೈತಿ. ಯಾವ ಹೆಣ್ಣಮಗಳ ಚಮಚಾ ಅಲ್ಲೀ ಮಟಾ ಹೋಗಿತ್ತು, ಹೇಳ್ರಿ ಸಾಹೇಬ್ರ. ಗ್ವಾಡಿ ಮ್ಯಾಲಿಂದ ಬಂದೈತಿ, ಕೆಳಗಿಂದಲ್ಲ."

ನಾನು ಹಿಂದಿಗೆ ಹೇಳಿದೆ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಲೆ ಒರೆಸಿಕೊಂಡ. "ಕೋರ್ಟ್ ಮೇ ನಿಂಬೂ ಲೇಕೇ ಜಾಊಂ ಕ್ಯಾ?" ಎಂದ. ಕೋರ್ಟಿಗೆ ನಿಂಬೆಹಣ್ಣು ಒಯ್ಯಲೇನು? ಆದರೆ ಪಂಚರಾಗಿ ಬಂದಿದ್ದ ಇಬ್ಬರು ಊರಿನವರು ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಅವರಲ್ಲಿ ಒಬ್ಬ ಇಗರ್ಜಿಯ ಮುದುಕ.

ಆ ರಾತ್ರಿ ವರದಿ ಬರೆದೆ. ಹೆಂಗಸರು ಸುಣ್ಣ ಕೆದರಿದ್ದನ್ನು ಬಿಡಲಿಲ್ಲ, ಅದು ನಡೆದದ್ದು. ಇಮಾಮಸಾಬ ಮಾಡಿ ತೋರಿಸಿದ್ದನ್ನೂ ಕಂಡಂತೆ ಬರೆದೆ. ಪ್ರಯೋಗಾಲಯದ ಕಾಗದ ಇನ್ನೂ ಬಂದಿಲ್ಲ ಎಂದೂ ಬರೆದೆ. ಈ ಸಲ ಸಂಪಾದಕರು ಏನೂ ಕೇಳದೆ ಮುಖಪುಟಕ್ಕೆ ಹಾಕಿದರು. ಎರಡು ಹೆಣಗಳಿದ್ದವಲ್ಲ. ಮಡಗಾಂವ್‌ನ ಪತ್ರಿಕೆಗಳೂ ಎತ್ತಿಕೊಂಡವು. ಐದನೆಯ ದಿನ ಶಿವವ್ವನನ್ನು ಬಿಟ್ಟರು. ಕೇಸು ಆಕಸ್ಮಿಕ ಎಂದು ಮುಗಿಯಿತು. ಕಾರ್ಖಾನೆಯ ಮೇಲೆ ಏನೂ ಬರಲಿಲ್ಲ. ಮಳೆಯಲ್ಲಿ ಆಮ್ಲವಿದೆ ಎಂಬ ಕಾಗದ ಸೆಪ್ಟೆಂಬರಿನಲ್ಲಿ ಬಂತು. ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕಿತು.

ಇಮಾಮಸಾಬನಿಗೆ ಅಷ್ಟು ಸಮಯ ಕೊಡಲಿಲ್ಲ. ಶಿವವ್ವ ಹೊರಬಂದ ಮೂರನೆಯ ದಿನ, ಹಾಡಹಗಲು, ಕೆಲಸದ ಜಾಗದಲ್ಲಿ ನಾಲ್ವರು ಬಂದರು. ಇಬ್ಬರು ಅವನನ್ನು ಕೆಡವಿ ಹಿಡಿದರು, ಒಬ್ಬ ಬಲಗೈಯನ್ನು ಕಟ್ಟೆಯ ಮೇಲೆ ಚಾಚಿಸಿದ, ನಾಲ್ಕನೆಯವನು ಚಿರೇಕಲ್ಲನ್ನು ಎತ್ತಿ ಹಾಕಿದ. ಎರಡು ಸಲ. ನೋಡಿದವರು ಹನ್ನೆರಡು ಜನ ಇದ್ದರು. ಯಾರೂ ಯಾರ ಗುರುತನ್ನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಕರಣೆ ಹಿಡಿಯುವ ಹಾಗೆ ಮತ್ತೆ ಮಡಚಲಿಲ್ಲ.

ಮಳೆ ಹಿಂದೆ ಸರಿದ ಮೇಲೆ ಅವನು ಊರಿಗೆ ಹೊರಟ. ಮಡಗಾಂವ್ ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯಲು ಕಲಿಯುತ್ತಿದ್ದ.

"ಸಾಹೇಬ್ರ, ಒಂದ ಮಾತು ಬಿಟ್ಟೀರಿ ನೀವು ಪೇಪರಿನ್ಯಾಗ."

"ಯಾವುದು?"

"ಸುಣ್ಣ ತಗೋಬಹುದೇನ ಅಣ್ಣಾ ಅಂತ ಶಿವವ್ವ ನನ್ನ ಕೇಳಾಕ ಬಂದಿದ್ಲು. ಎಲ್ಲಾರಕಿಂತ ಮೊದಲ. ಬೀಬಿಜಾನ್ ಅಲ್ಲೇ ಕುಂತಿದ್ಲು. ಸತ್ತ ಸುಣ್ಣ, ಅದೇನ್ ಗ್ವಾಡಿ ಹಿಡದಿಲ್ಲ, ಬೇಕಾದ್ರ ಒಯ್ಯವ್ವ ಅಂದೆ ನಾ. ಕೈಯಾಗಿನ ಚಮಚಾ ಕೊಟ್ಟಾಕಿ ನನ್ನ ಹೆಂಡ್ತಿ."

ನಾನು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದೆ.

"ಹೇಳಿದ್ದು ಖರೇನ. ಅದು ಏನೂ ಹಿಡದಿರಲಿಲ್ಲ. ಆದ್ರ ಜನಾ ಹೊಡೀಬೇಕಾದ್ರ ಆಕಿ ನನ್ನ ಕಡೆ ನೋಡಿದ್ಲು, ನಾ ಬಾಯಿ ತೆಗೀಲಿಲ್ಲ. ಠಾಣ್ಯಾಗ ಅಷ್ಟು ಬಡಿಸಿಕೊಂಡ್ಲು, ಆಕಿ ನನ್ನ ಹೆಸರ ತೆಗೀಲಿಲ್ಲ. ಮೊದಲನೇ ದಿನಾನ ನಾ ಎದ್ದು ಹೇಳಿದ್ರ ಆಕಿ ಒಂದ ಏಟೂ ತಿಂತಿರಲಿಲ್ಲ." ಲೋಟ ಕೆಳಗಿಟ್ಟ. "ಬರೀರಿ ಅದನ್ನ. ಸುಣ್ಣ ತಗೋ ಅಂದಾಂವ ಇಮಾಮಸಾಬ ಅಂತ ಬರೀರಿ."

ಬಸ್ಸು ಬಂತು. ಗಂಟನ್ನು ನಾನೇ ಮೇಲೇರಿಸಿಕೊಟ್ಟೆ.

ಒಬ್ಬನ ಹೇಳಿಕೆಯನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಬರೆಯುವ ಅಭ್ಯಾಸ ನನಗಿರಲಿಲ್ಲ. ಮರುದಿನ ಮೋತಿ ಡೊಂಗರಿಗೆ ಹೋದೆ. ಶಿವವ್ವ ಅಲ್ಲಿ ತನ್ನ ಅಣ್ಣನ ಮನೆಯಲ್ಲಿದ್ದಳು. ಹೊಲಿಗೆ ಹಾಕಿದ ಕಿವಿ ಸೆರಗಿನೊಳಗೆ. ಇಮಾಮಸಾಬ ಹೇಳಿದ್ದನ್ನೆಲ್ಲ ಅವಳ ಮುಂದೆ ಓದಿದೆ. ನಿಜವೇ ಎಂದು ಕೇಳಿದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಖರೇ ಐತಿ. ಬರದ್ರ ಏನಾಗತೈತ್ರಿ?"

"ಅವನೇ ಹೇಳಿಕೊಟ್ಟ ಅಂತ ಜನಕ್ಕ ಗೊತ್ತಾಗ್ತದ."

"ಊರಾಗೂ ನಿಮ್ಮ ಪೇಪರ್ ಓದತಾರಲ್ರಿ?"

"ಓದತಾರ."

ಶಿವವ್ವ ಮೊರದಿಂದ ಒಂದು ಕಲ್ಲನ್ನು ಹೆಕ್ಕಿ ಹೊಸ್ತಿಲಾಚೆ ಎಸೆದಳು.

"ಅಂವಗ ಇನ್ನೊಂದ ಕೈ ಉಳದೈತ್ರಿ ಸರ," ಎಂದಳು. "ಅದನ್ನೂ ಮುರೀಬ್ಯಾಡ್ರಿ."